ವಾಸನೆಯೇ ಇಲ್ಲದ ವಿಷಗಾಳಿ: ಸಿಟಿ ರೂಮಿಗೆ, ಊರಿನ ಶೆಡ್ಡಿಗೆ ಯಾವ ಅಲಾರಂ ತರಬೇಕು?

ಮೊಬೈಲ್‌ನಲ್ಲೇ ಪಂಪ್‌ಸೆಟ್ ಆನ್-ಆಫ್ ಮಾಡುವ ಕಾಲ ಇದು. ಬೋರ್‌ವೆಲ್‌ಗೆ ಸಿಮ್ ಹಾಕಿದ ಸ್ಟಾರ್ಟರ್, ತೋಟದ ಮನೆಗೆ ಸಿಸಿ ಕ್ಯಾಮೆರಾ ಹಾಕಿಸಿಕೊಂಡವರು ಈಗ ಪ್ರತಿ ಊರಲ್ಲೂ ಸಿಗುತ್ತಾರೆ. ಮೋಟಾರ್ ನಿಂತರೆ ಮೆಸೇಜ್ ಬರುತ್ತೆ, ಗೇಟ್ ಹತ್ತಿರ ಯಾರಾದರೂ ಓಡಾಡಿದರೆ ಫೋನ್ ಕೂಗುತ್ತೆ. ಆದರೆ ಮಲಗಿದ ಕೋಣೆಯಲ್ಲಿ ವಿಷಗಾಳಿ ತುಂಬಿದರೆ ಎಬ್ಬಿಸುವ ಸಾಧನ ಮಾತ್ರ ಎಷ್ಟೋ ಮನೆಗಳಲ್ಲಿ ಇಲ್ಲ.

ಇದು ದೂರದ ಮಾತಲ್ಲ. 2023ರ ಸೆಪ್ಟೆಂಬರ್‌ನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, ದೂರದಿಂದ ಕೆಲಸಕ್ಕೆ ಬಂದಿದ್ದ ನಾಲ್ವರು ಮಲಗಿದ ಕೋಣೆಯಲ್ಲೇ ಪ್ರಾಣ ಬಿಟ್ಟರು. ಸೊಳ್ಳೆ ಕಾಟಕ್ಕೆ ಇದ್ದಿಲ ಬೆಂಕಿ ಹಾಕಿ ಬಾಗಿಲು ಮುಚ್ಚಿಕೊಂಡಿದ್ದರು ಎಂದು ವರದಿಯಾಯಿತು. 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ-ತಂಗಿ ಇಬ್ಬರೂ ವಾಪಸ್ ಬರಲಿಲ್ಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆ ಇದ್ದಿಲು ಹಚ್ಚಿಟ್ಟು ಮಲಗಿದ ಯುವಕರಲ್ಲಿ ಮೂವರು ಬೆಳಿಗ್ಗೆ ಏಳಲಿಲ್ಲ. ಮೂರು ಕಡೆಯೂ ಮನೆಗೆ ಬೆಂಕಿ ಬಿದ್ದಿರಲಿಲ್ಲ. ಮುಚ್ಚಿದ ಜಾಗದಲ್ಲಿ ಒಂದು ಉರಿ ಇತ್ತು, ಅಷ್ಟೇ.

ಇಂಥ ಸುದ್ದಿ ಬಂದ ಮೇಲೆ ಹುಡುಗರು ಆನ್‌ಲೈನ್‌ನಲ್ಲಿ ಹುಡುಕಿ ಒಂದು "ಗ್ಯಾಸ್ ಡಿಟೆಕ್ಟರ್" ತರಿಸಿ ಗೋಡೆಗೆ ಸಿಕ್ಕಿಸುತ್ತಾರೆ. ತೊಂದರೆ ಇರೋದು ಅಲ್ಲೇ. ಆ ಡಬ್ಬಿ ಹೆಚ್ಚಾಗಿ ಸಿಲಿಂಡರ್ ಸೋರಿಕೆ ಹಿಡಿಯುವಂಥದ್ದು. ಇಂಥ ಸಾವಿಗೆ ಕಾರಣವಾಗುವ ಗಾಳಿಯೇ ಬೇರೆ, ಅದಕ್ಕೆ ಬೇಕಾದ ಅಲಾರಂ ಕೂಡ ಬೇರೆ.

ಎರಡು ಮನೆ, ಒಂದೇ ಅಪಾಯ

ನಮ್ಮ ಓದುಗರಲ್ಲಿ ಬಹಳ ಮಂದಿಗೆ ಈಗ ಎರಡು ಮನೆ. ಊರಲ್ಲಿ ಅಪ್ಪ-ಅಮ್ಮ ಇರುವ ಮನೆ ಒಂದು. ತಂಗಿಯೋ ತಮ್ಮನೋ ಓದಲಿಕ್ಕೆ, ಕೆಲಸಕ್ಕೆ ಅಂತ ಬೆಂಗಳೂರಲ್ಲಿ ಹಿಡಿದಿರುವ ಬಾಡಿಗೆ ರೂಮು ಇನ್ನೊಂದು. ಶಂಕರಪುರಂ ಅನ್ನೇ ತೆಗೆದುಕೊಳ್ಳಿ. ಶಂಕರ ಮಠದ ಆಸುಪಾಸಿನ ಈ ಬೀದಿಗಳು ಬಸವನಗುಡಿಗೆ ಅಂಟಿಕೊಂಡೇ ಇವೆ. ನ್ಯಾಷನಲ್ ಕಾಲೇಜು, ವಿ.ವಿ.ಪುರಂನ ಬಿಐಟಿ ಕಾಲೇಜು ಎಲ್ಲ ಹತ್ತಿರವೇ. ಹಾಗಾಗಿ ಹಳ್ಳಿಯಿಂದ ಬಂದ ಮಕ್ಕಳು ಇಲ್ಲಿ ರೂಮು ಹುಡುಕುವುದು ಸಹಜ.

ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದು 1898ರ ಪ್ಲೇಗಿನ ಹೊತ್ತಿನಲ್ಲಿ. ಪೇಟೆಯ ಇಕ್ಕಟ್ಟು ಬಿಟ್ಟು ಗಾಳಿ-ಬೆಳಕು ಬರಲಿ ಅಂತಲೇ ಅಗಲ ರಸ್ತೆ ಬಿಟ್ಟು ಮಾಡಿದ ಬಡಾವಣೆಗಳು ಅವು. ಈ ಭಾಗದ ಹಳೆ ಮನೆಗಳಲ್ಲಿ ಎತ್ತರದ ಸೂರು, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ, ಹಿಂದೆ ಬಚ್ಚಲು ಇರುತ್ತಿತ್ತು. ಉರಿಯ ಗಾಳಿ ತಾನಾಗಿ ಹೊರಗೆ ಹೋಗುತ್ತಿತ್ತು. ಅಂಥ ಮನೆಯನ್ನು ಭಾಗ ಮಾಡಿ ರೂಮುಗಳಾಗಿ ಬಾಡಿಗೆಗೆ ಕೊಟ್ಟಾಗ ಮೆಟ್ಟಿಲ ಕೆಳಗೆ ಒಂದು ಬಚ್ಚಲು ಬರುತ್ತೆ, ಗವಾಕ್ಷಿಗೆ ಹಲಗೆ ಬೀಳುತ್ತೆ, ಕಿಟಕಿಗೆ ಸೊಳ್ಳೆ ಬರದಂತೆ ಗಾಜು ಕೂರುತ್ತೆ. ಒಳಗೆ ಗ್ಯಾಸ್ ಗೀಸರ್. ಊರಿನ ಕಡೆಗೂ ಕತೆ ಅದೇ: ಹೆಂಚು ತೆಗೆದು ಆರ್‌ಸಿಸಿ ಹಾಕಿದೆವು, ಹೊಗೆಗಿಂಡಿ ಹೋಯ್ತು, ಅಗ್ಗಿಷ್ಟಿಕೆ ಮಾತ್ರ ಹಾಗೇ ಉಳಿಯಿತು.

ಉರಿಗೆ ಸಾಕಷ್ಟು ಆಮ್ಲಜನಕ ಸಿಗದಿದ್ದಾಗ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್. ಇದ್ದಿಲು, ಸೌದೆ, ಡೀಸೆಲ್, ಪೆಟ್ರೋಲ್, ಅಡುಗೆ ಗ್ಯಾಸ್ ಯಾವುದೇ ಆಗಲಿ, ಉರಿ ಅರೆಬರೆಯಾದರೆ ಇದು ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ನಿಗಿನಿಗಿ ಕೆಂಡಕ್ಕೆ ಹೊಗೆ ಇರಲ್ಲ. ಅದಕ್ಕೇ ಜನ ಅದನ್ನು ನಂಬಿ ಒಳಗೆ ತರುತ್ತಾರೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ. ಆಮೇಲೆ ಎದ್ದು ಬಾಗಿಲು ತೆಗೆಯೋಣ ಅಂದರೂ ಮೈ ಏಳಲ್ಲ. ನಿದ್ದೆಯಲ್ಲಿದ್ದವರಿಗೆ ಇಷ್ಟೂ ಗೊತ್ತಾಗುವುದಿಲ್ಲ.

ಮೂರು ಅಲಾರಂ, ಮೂರು ಬೇರೆ ಕೆಲಸ

ಅಂಗಡಿಗೆ ಹೋಗುವ ಮುಂಚೆ ಇಷ್ಟು ತಲೆಯಲ್ಲಿರಲಿ.

ಒಂದು, ಹೊಗೆ ಅಲಾರಂ. ಇದು ಹೊಗೆಯ ಕಣಗಳನ್ನು ಹಿಡಿಯುತ್ತೆ. ಇದರಲ್ಲಿ ಎರಡು ಬಗೆ: ಬೆಳಕಿನಿಂದ ಕೆಲಸ ಮಾಡುವ ಫೋಟೋಎಲೆಕ್ಟ್ರಿಕ್, ಇನ್ನೊಂದು ಅಯೊನೈಸೇಷನ್. ಹಾಸಿಗೆ, ಹತ್ತಿ, ಗೋಣಿಚೀಲ, ವೈರಿಂಗ್ ಇವೆಲ್ಲ ಮೊದಲು ಒಳಗೊಳಗೇ ಕಮರಿ ಹೊಗೆಯಾಡುತ್ತವೆ. ಅದನ್ನು ಬೇಗ ಹಿಡಿಯುವುದು ಫೋಟೋಎಲೆಕ್ಟ್ರಿಕ್. ಮನೆಗೆ ಅದನ್ನೇ ಕೇಳಿ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತೆ ಅಂತ ಬ್ಯಾಟರಿ ತೆಗೆದಿಡುವವರಿದ್ದಾರೆ. ಅಡುಗೆಮನೆಗೆ ಹೊಗೆ ಅಲಾರಂ ಬದಲು ಸುಮಾರು 58 ಡಿಗ್ರಿ ಶಾಖಕ್ಕೆ ಕೂಗುವ ಹೀಟ್ ಅಲಾರಂ ಹಾಕಿ.

ಎರಡು, ಕಾರ್ಬನ್ ಮೊನಾಕ್ಸೈಡ್ ಅಲಾರಂ. ಡಬ್ಬಿಯ ಮೇಲೆ ಸಿಒ ಅಂತ ಬರೆದಿರುತ್ತೆ. ಈ ಅನಿಲ ಗಾಳಿಗಿಂತ ಒಂಚೂರು ಹಗುರ, ಕೋಣೆಯ ಗಾಳಿಯಲ್ಲಿ ಎಲ್ಲ ಕಡೆ ಬೆರೆತುಹೋಗುತ್ತೆ. ಸಿಒ2 ಅಂತ ಬರೆದ ಮೀಟರ್ ತಂದರೆ ಪ್ರಯೋಜನವಿಲ್ಲ. ಅದು ಇಂಗಾಲದ ಡೈಆಕ್ಸೈಡ್ ಅಳೆಯುತ್ತೆ.

ಮೂರು, ಅಡುಗೆ ಗ್ಯಾಸ್ ಸೋರಿಕೆ ಅಲಾರಂ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತೆ. ಅದಕ್ಕೆ ವಾಸನೆ ಬರಲಿ ಅಂತಲೇ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಈ ಅಲಾರಂ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿರಬೇಕು.

ಪತ್ರಿಕೆಯಲ್ಲಿ "ಗ್ಯಾಸ್ ಗೀಸರ್ ಸೋರಿಕೆ, ಇಬ್ಬರ ಸಾವು" ಅಂತ ಬರೆಯುತ್ತಾರಲ್ಲ, ಅದನ್ನು ಓದಿ ಮೂರನೆಯದನ್ನು ತರುವವರೇ ಜಾಸ್ತಿ. ಆದರೆ ಇಂಥ ಬಚ್ಚಲಲ್ಲಿ ಸಾಮಾನ್ಯವಾಗಿ ಸೋರುವ ಸಿಲಿಂಡರ್ ಗ್ಯಾಸ್ ಕೊಲ್ಲುವುದಿಲ್ಲ, ಸರಿಯಾಗಿ ಉರಿಯದೆ ಹುಟ್ಟಿದ ಮೊನಾಕ್ಸೈಡ್ ಕೊಲ್ಲುತ್ತೆ. ಎಲ್‌ಪಿಜಿ ಅಲಾರಂ ಅದನ್ನು ಗುರುತಿಸುತ್ತೆ ಅಂತ ನಂಬಿ ಕೂರುವ ಹಾಗಿಲ್ಲ.

ಯಾವುದನ್ನು ಮೊದಲು ತರೋಣ? ರೂಮಿನಲ್ಲಿ ಗ್ಯಾಸ್ ಗೀಸರ್, ಇದ್ದಿಲು, ಜನರೇಟರ್ ಏನಾದರೂ ಇದ್ದರೆ ಮೊದಲು ಸಿಒ ಅಲಾರಂ. ಇನ್ವರ್ಟರ್ ಬ್ಯಾಟರಿ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್, ಹಳೆ ವೈರಿಂಗ್ ಇದ್ದರೆ ಜೊತೆಗೆ ಹೊಗೆ ಅಲಾರಂ. ಎರಡೂ ಒಂದೇ ಡಬ್ಬಿಯಲ್ಲಿರುವ ಮಾಡೆಲ್ ಸಿಗುತ್ತೆ. ಒಂದೇ ಕೋಣೆಯ ರೂಮಿಗೆ ಅದು ಅನುಕೂಲ.

ಡಬ್ಬಿಯ ಹಿಂದೆ ಓದಬೇಕಾದ್ದು

ಶಂಕರಪುರಂನಿಂದ ಆಟೊ ಹತ್ತಿದರೆ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದ ಎಸ್.ಪಿ. ರೋಡ್ ದೂರವಿಲ್ಲ. ಆನ್‌ಲೈನ್‌ನಲ್ಲೂ ರಾಶಿ ಮಾಲು ಇದೆ. ಎಲ್ಲೇ ಕೊಳ್ಳಿ, ರಸಗೊಬ್ಬರದ ಚೀಲದ ಹಿಂದೆ ಎನ್‌ಪಿಕೆ ನೋಡುವ ಹಾಗೆ ಇದರ ಹಿಂದೆಯೂ ನೋಡಿ.

ಸಿಒ ಅಲಾರಂ ಆದರೆ ಇಎನ್ 50291 ಅಥವಾ ಯುಎಲ್ 2034, ಹೊಗೆ ಅಲಾರಂ ಆದರೆ ಇಎನ್ 14604 ಅಥವಾ ಯುಎಲ್ 217 ಎಂಬ ಗುರುತು ಇರಬೇಕು. ಮೊದಲನೆಯವು ಯುರೋಪಿನ, ಎರಡನೆಯವು ಅಮೆರಿಕದ ಮಾನದಂಡ. ಗುರುತೇ ಇಲ್ಲದ ಅಗ್ಗದ ಡಬ್ಬಿ ಬೇಡ.

ಈ ಮಾನದಂಡ ಏನು ಹೇಳುತ್ತೆ ಅಂತ ತಿಳಿದಿರಲಿ. ಇಎನ್ 50291 ಪ್ರಕಾರ ಗಾಳಿಯಲ್ಲಿ ಸಿಒ 50 ಪಿಪಿಎಂ ಇದ್ದರೆ ಅಲಾರಂ 60ರಿಂದ 90 ನಿಮಿಷದೊಳಗೆ, 100 ಪಿಪಿಎಂ ಇದ್ದರೆ 10ರಿಂದ 40 ನಿಮಿಷದೊಳಗೆ, 300 ಪಿಪಿಎಂ ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ. ಅಂದರೆ ಸ್ವಲ್ಪ ಪ್ರಮಾಣ ಇದ್ದಾಗ ಅಲಾರಂ ಸುಮ್ಮನೇ ಇರುತ್ತೆ. ಅದು ಕೆಟ್ಟಿದೆ ಅಂತಲ್ಲ. ಸಾಧ್ಯವಾದರೆ ಅಂಕಿ ತೋರಿಸುವ ಡಿಸ್‌ಪ್ಲೇ ಇರುವುದನ್ನೇ ತನ್ನಿ. ದಿನಾ ಸಂಜೆ 20, 25 ಅಂತ ತೋರಿಸುತ್ತಿದ್ದರೆ ಉರಿಯೋ ಗಾಳಿಯೋ ಎಲ್ಲೋ ಸರಿಯಿಲ್ಲ ಅಂತ ಮೊದಲೇ ಗೊತ್ತಾಗುತ್ತೆ.

ಆಮೇಲೆ ತಾರೀಕು. ಸಿಒ ಸೆನ್ಸರ್‌ಗೂ ಆಯಸ್ಸು ಇದೆ. ಮಾಡೆಲ್ ನೋಡಿಕೊಂಡು 5, 7 ಅಥವಾ 10 ವರ್ಷ. ಬದಲಿಸಬೇಕಾದ ವರ್ಷ ಅದರ ಮೇಲೇ ಅಚ್ಚಾಗಿರುತ್ತೆ. ಅಂಗಡಿಯ ಕಪಾಟಿನಲ್ಲಿ ಮೂರು ವರ್ಷ ಕೂತ ಮಾಲನ್ನು ರಿಯಾಯಿತಿಗೆ ಕೊಟ್ಟರೂ ಬೇಡ. ಟೆಸ್ಟ್ ಬಟನ್ ಒತ್ತಿದಾಗ ಸೈರನ್, ಬ್ಯಾಟರಿ, ಸರ್ಕ್ಯೂಟ್ ಸರಿ ಇದೆಯಾ ಅಂತ ತಿಳಿಯುತ್ತೆ. ಸೆನ್ಸರ್ ಮುದಿಯಾಗಿದೆಯಾ ಅಂತ ಸಾಮಾನ್ಯವಾಗಿ ಅದರಿಂದ ತಿಳಿಯಲ್ಲ.

ಆರ್ಡುಯಿನೊ, ಇಎಸ್‌ಪಿ32 ಬೋರ್ಡಿಗೆ ಎಂಕ್ಯೂ-7 ಸೆನ್ಸರ್ ಜೋಡಿಸಿ ತಾವೇ ಅಲಾರಂ ಮಾಡಿಕೊಳ್ಳುವ ಹುಡುಗರೂ ನಮ್ಮಲ್ಲಿದ್ದಾರೆ. ಕಲಿಯಲಿಕ್ಕೆ ಬಹಳ ಒಳ್ಳೆಯದು. ಆದರೆ ಆ ಸೆನ್ಸರ್ ಬೇರೆ ಅನಿಲಗಳಿಗೂ ಅಷ್ಟಿಷ್ಟು ಸ್ಪಂದಿಸುತ್ತೆ, ಒಳಗಿನ ಹೀಟರ್ ಸದಾ ಕರೆಂಟ್ ಎಳೆಯುತ್ತೆ, ಅಳತೆಗೆ ಸರಿಹೊಂದಿಸುವುದು ಕಷ್ಟ. ಜೀವ ಕಾಯುವ ಕೆಲಸವನ್ನು ಅದಕ್ಕೆ ಒಪ್ಪಿಸಬೇಡಿ.

ಮೊದಲು ಸೈರನ್, ಆಮೇಲೆ ಆ್ಯಪ್

ಸ್ಮಾರ್ಟ್ ಅಲಾರಂ ಅಂದ ತಕ್ಷಣ ನಮ್ಮ ಗಮನ ಆ್ಯಪ್ ಕಡೆಗೆ ಹೋಗುತ್ತೆ. ಸ್ವಲ್ಪ ಯೋಚಿಸಿ: ಶಂಕರಪುರಂ ರೂಮಿನಲ್ಲಿ ಮಧ್ಯರಾತ್ರಿ ಮೊನಾಕ್ಸೈಡ್ ತುಂಬಿ, ಊರಲ್ಲಿರುವ ಅಣ್ಣನ ಮೊಬೈಲ್‌ಗೆ ಮೆಸೇಜ್ ಬಂದರೆ ಅವನು ಅಲ್ಲಿಂದ ಬಾಗಿಲು ತೆಗೆಯಲು ಆಗುತ್ತಾ? ಮಲಗಿದವಳನ್ನು ಅಲ್ಲೇ ಎಬ್ಬಿಸುವುದು ಸೈರನ್. ಫೋನ್ ಬರೋದು ಆಮೇಲೆ. ಅದಕ್ಕೇ ಈ ನಾಲ್ಕು ನೋಡಿ.

ಅಲಾರಂ ಒಳಗೇ ಸೈರನ್ ಇರಬೇಕು, 3 ಮೀಟರ್ ದೂರದಲ್ಲಿ 85 ಡೆಸಿಬಲ್ ಕೇಳಬೇಕು. ಕೆಲವು ಅಗ್ಗದ ಸೆನ್ಸರ್‌ಗಳು ಹಬ್‌ಗೆ ಸಿಗ್ನಲ್ ಕಳಿಸಿ ಸುಮ್ಮನಾಗುತ್ತವೆ; ಹಬ್ ಆಫ್ ಇದ್ದರೆ ಅವು ಇದ್ದೂ ಇಲ್ಲದ ಹಾಗೆ.

ವೈಫೈ ಇಲ್ಲದಿದ್ದರೂ, ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಪೂರ್ತಿ ಕೆಲಸ ಮಾಡಬೇಕು. ಜನರೇಟರ್ ಹಚ್ಚುವುದೇ ಕರೆಂಟ್ ಹೋದಾಗ. ಆಗಲೇ ಅಲಾರಂ ಸತ್ತಿದ್ದರೆ ಏನು ಬಂತು? ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಮೆಸೇಜ್ ಕೂಡ ಹೋಗುತ್ತೆ. ವೈಫೈ ಅಲಾರಂ ಬಹುಪಾಲು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೂಡಿಕೊಳ್ಳುತ್ತೆ, ಜಿಗ್ಬೀ ಆದರೆ ಹಬ್ ಬೇಕು. ನಿಮ್ಮಲ್ಲಿರುವ ರೂಟರ್ ನೋಡಿಕೊಂಡು ಆರಿಸಿ.

ಆ್ಯಪ್‌ಗೆ ಕನಿಷ್ಠ ಮೂರು ಜನರನ್ನು ಸೇರಿಸುವ ಅವಕಾಶ ಇರಬೇಕು: ರೂಮಿನಲ್ಲಿರುವವರು, ಊರಿನವರು, ಪಕ್ಕದ ಮನೆಯವರು ಅಥವಾ ಓನರ್. ಹತ್ತಿರ ಇರುವ ಆ ಮೂರನೆಯವರೇ ಬಂದು ಬಾಗಿಲು ಬಡಿಯಬಲ್ಲವರು. ಫೋನ್ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯದ ಕಡಿವಾಣ ತೆಗೆಯಿರಿ, ರಾತ್ರಿ ಸೈಲೆಂಟ್ ಇದ್ದರೂ ಸದ್ದು ಮಾಡುವ ಅನುಮತಿ ಕೊಡಿ. ಇದನ್ನು ಮಾಡದಿದ್ದರೆ ಮೆಸೇಜ್ ಬೆಳಿಗ್ಗೆ ಕಾಣುತ್ತೆ.

ಕಂಪನಿ ಬಾಗಿಲು ಹಾಕಿದರೂ ಅಲಾರಂ ಕೂಗುವಂತಿರಬೇಕು. ಗೂಗಲ್‌ನಂಥ ಗೂಗಲ್ ಕೂಡ ತನ್ನ ನೆಸ್ಟ್ ಪ್ರೊಟೆಕ್ಟ್ ಹೊಗೆ-ಸಿಒ ಅಲಾರಂ ತಯಾರಿಕೆ ನಿಲ್ಲಿಸುವುದಾಗಿ 2025ರ ಮಾರ್ಚ್‌ನಲ್ಲಿ ಹೇಳಿತು. ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಸಾಧನಗಳು ಒಟ್ಟಿಗೆ ಕೆಲಸ ಮಾಡಲಿ ಅಂತ ಇರುವ ಮ್ಯಾಟರ್ ಎಂಬ ವ್ಯವಸ್ಥೆಯಲ್ಲಿ 2023ರ ಅಕ್ಟೋಬರ್‌ನಿಂದ ಹೊಗೆ-ಸಿಒ ಅಲಾರಂಗಳಿಗೂ ಜಾಗ ಸಿಕ್ಕಿದೆ. ಆ ಗುರುತು ಇದ್ದರೆ ಒಂದೇ ಕಂಪನಿಗೆ ಕಟ್ಟುಬೀಳುವುದು ತಪ್ಪುತ್ತೆ.

ಆಟೊಮೇಷನ್ ಹಾಕುವವರಿಗೆ ಒಂದು ಎಚ್ಚರಿಕೆ. ಹೊಗೆ ಅಲಾರಂ ಕೂಗಿದಾಗ ದಾರಿಯ ಲೈಟ್ ಹತ್ತುವಂತೆ ಮಾಡಿದರೆ ಒಳ್ಳೆಯದೇ. ಆದರೆ ಎಲ್‌ಪಿಜಿ ಅಲಾರಂ ಕೂಗಿದಾಗ ಎಕ್ಸಾಸ್ಟ್ ಫ್ಯಾನ್ ಅಥವಾ ಲೈಟ್ ಆನ್ ಆಗುವಂತೆ ಯಾವತ್ತೂ ಮಾಡಬೇಡಿ. ಸ್ವಿಚ್ಚಿನ ಒಂದು ಕಿಡಿ ಸಾಕು.

ಎಲ್ಲಿ ಹಾಕಬೇಕು?

ಹೊಗೆ ಅಲಾರಂ ಸೂರಿನ ಮಧ್ಯಕ್ಕೆ, ಗೋಡೆಯಿಂದ ಒಂದು ಅಡಿಯಾದರೂ ದೂರ. ಫ್ಯಾನ್ ಪಕ್ಕದಲ್ಲೇ ಬೇಡ. ಸಿಒ ಅಲಾರಂ ಮಲಗುವ ಕೋಣೆಯಲ್ಲಿ, ತಲೆದಿಂಬಿನ ಎತ್ತರಕ್ಕೆ. ಮಂಚದ ಅಡಿಗೋ ಪರದೆ ಹಿಂದೆಯೋ ಅಲ್ಲ. ಒಲೆ, ಗೀಸರ್ ಇರುವ ಕೋಣೆಯಲ್ಲಾದರೆ ಅದರಿಂದ 1ರಿಂದ 3 ಮೀಟರ್ ದೂರ.

ಬಚ್ಚಲ ಒಳಗೆ ಹಾಕಬಹುದಾ? ಬೇಡ, ಹಬೆಗೆ ಹಾಳಾಗುತ್ತೆ. ಹೊರಗೆ ಹಾಕಿದರೆ? ಅದು ಕೂಗುವಷ್ಟರಲ್ಲಿ ಒಳಗಿರುವವರು ಬಿದ್ದಿರಬಹುದು. ಹಾಗಾಗಿ ಬಚ್ಚಲ ಗೀಸರ್‌ಗೆ ಅಲಾರಂ ಪರಿಹಾರವೇ ಅಲ್ಲ. ಗೀಸರ್ ಅನ್ನೇ ಹೊರಗೆ ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಓನರ್ ಒಪ್ಪುವ ತನಕ ಹೀಗೆ ಮಾಡಿ: ಬಾಗಿಲು-ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಮಗಳಿಗೆ ರೂಮು ನೋಡುವಾಗ ನೀರು ಬರುತ್ತಾ ಅಂತ ಕೇಳುವ ಹಾಗೆ ಗೀಸರ್ ಎಲ್ಲಿದೆ ಅಂತಲೂ ಕೇಳಿ.

ಊರಿನ ಶೆಡ್ಡಿಗೆ ಬಂದರೆ

ಕೋಳಿಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಶಾಖ ಬೇಕು. ಚಾಕಿ ರೇಷ್ಮೆಹುಳುಗಳಿಗೆ 27-28 ಡಿಗ್ರಿ. ಚಳಿಗಾಲದಲ್ಲಿ ಕರೆಂಟ್ ಕೈಕೊಟ್ಟರೆ ಇದ್ದಿಲು ಒಲೆ ಒಳಗೆ ಬರುತ್ತೆ, ಪರದೆ ಕೆಳಗಿಳಿಯುತ್ತೆ. ಅಲ್ಲೇ ಒಬ್ಬರು ಕಾವಲಿಗೆ ಮಲಗುತ್ತಾರೆ. ಈ ಮೂರೂ ಒಟ್ಟಿಗೆ ಸೇರಬಾರದು. ಕೆಂಡದ ಒಲೆ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು, ಮೇಲೊಂದು ಕೆಳಗೊಂದು ಗಾಳಿಕಿಂಡಿ ತೆರೆದೇ ಇರಬೇಕು.

ಮನೆಬಳಕೆಯ ಅಲಾರಂ ಶೆಡ್ಡಿನ ಧೂಳು, ಅಮೋನಿಯಾ ವಾಸನೆಗೆ ಮಾಡಿದ್ದಲ್ಲ. ಅದನ್ನು ಕೆಲಸದವರು ಮಲಗುವ ಕೋಣೆಗೆ ಹಾಕಿ. ಅವರ ಕೋಣೆಗೆ ಹಾಕಿಸುವುದು ಫಾರಂ ಮಾಲೀಕರ ಜವಾಬ್ದಾರಿ. ಅದು ಕೂಗಿದರೆ ಏನು ಮಾಡಬೇಕು ಅಂತ ಅವರ ಭಾಷೆಯಲ್ಲೇ ತಿಳಿಸಿ. ರೇಷ್ಮೆ ಮನೆಗೆ ಸೋಂಕುನಿವಾರಕ ಹೊಡೆಯುವಾಗ ಅಲಾರಂ ಬಿಚ್ಚಿ ಹೊರಗಿಡಿ, ರಾಸಾಯನಿಕಕ್ಕೆ ಸೆನ್ಸರ್ ಕೆಡಬಹುದು. ಕೆಲಸ ಮುಗಿದ ಮೇಲೆ ವಾಪಸ್ ಹಾಕಲು ಮರೆಯಬೇಡಿ.

ಡೀಸೆಲ್ ಜನರೇಟರ್, ಪೆಟ್ರೋಲ್ ಪಂಪು ಇವನ್ನು ಪಂಪ್‌ಹೌಸ್ ಒಳಗಾಗಲಿ, ಜಗುಲಿಯಲ್ಲಾಗಲಿ, ಕಿಟಕಿ ಪಕ್ಕವಾಗಲಿ ಓಡಿಸಬೇಡಿ. ಶೆಡ್ಡು ಮನೆಯಿಂದ ದೂರ ಇದ್ದು ವೈಫೈ ತಲುಪದಿದ್ದರೆ ಸ್ಮಾರ್ಟ್ ಮಾಡೆಲ್‌ಗೆ ಕಾಯುತ್ತಾ ಕೂರಬೇಡಿ. ಬ್ಯಾಟರಿಯ ಸಾದಾ ಅಲಾರಂ ಇವತ್ತೇ ಹಾಕಿ, 4ಜಿ ರೂಟರ್ ಬಂದಾಗ ಫೋನಿಗೆ ಜೋಡಿಸುವ ಯೋಚನೆ ಮಾಡಿದರಾಯ್ತು.

ಕೂಗಿದರೆ ಏನು ಮಾಡೋದು?

ಸಿಒ ಅಲಾರಂ ಕೂಗಿದರೆ ಮೊದಲು ಎಲ್ಲರೂ ಹೊರಗೆ. ಕೈಗೆ ಸಿಕ್ಕ ಬಾಗಿಲು, ಕಿಟಕಿ ತೆರೆಯುತ್ತಾ ಹೊರಬನ್ನಿ, ತಲೆ ಎಣಿಸಿ, 108 ಅಥವಾ 112ಕ್ಕೆ ಫೋನ್ ಮಾಡಿ. ಒಳಗೆ ಯಾರೋ ಬಿದ್ದಿದ್ದಾರೆ ಅಂತ ಒಬ್ಬರ ಹಿಂದೆ ಒಬ್ಬರು ನುಗ್ಗಬೇಡಿ. ಹಳೆ ಬಾವಿಗೆ ಇಳಿದವರ ಹಿಂದೆ ಇಳಿದವರ ಗತಿಯೇ ಆದೀತು. ಹೊರಗಿನಿಂದಲೇ ಬಾಗಿಲು, ಕಿಟಕಿ ತೆಗೆಸಿ ಗಾಳಿ ಬಿಡಿ. ಸಿಲಿಂಡರ್ ಸೋರಿದ್ದರೆ ಯಾವ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಆಸ್ಪತ್ರೆಯಲ್ಲಿ ಡಾಕ್ಟರ್‌ಗೆ "ಇದ್ದಿಲು ಇತ್ತು", "ಗ್ಯಾಸ್ ಗೀಸರ್ ಉರೀತಿತ್ತು" ಅಂತ ಬಾಯಿಬಿಟ್ಟು ಹೇಳಿ. ಕೊರೊನಾ ಕಾಲದಲ್ಲಿ ತಂದ ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಹಾಕಿ 98 ಇದೆ ಅಂತ ಸುಮ್ಮನಾಗಬೇಡಿ. ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆ ಯಂತ್ರ ಆಮ್ಲಜನಕ ತುಂಬಿದ ರಕ್ತ ಅಂತಲೇ ಓದುತ್ತೆ. ಸಾದಾ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು 4-5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ಗಂಟೆ ಸಾಕಾಗುತ್ತೆ. ಹಾಗಾಗಿ ತಡಮಾಡದೆ ಕರೆದೊಯ್ಯಿರಿ. ಮನೆಯ ಎಲ್ಲರಿಗೂ ಒಟ್ಟಿಗೆ ತಲೆನೋವು, ಜ್ವರ ಮಾತ್ರ ಇಲ್ಲ, ಹೊರಗೆ ಹೋದರೆ ಆರಾಮ ಅನ್ನಿಸುತ್ತೆ ಅಂದರೆ ಊಟದಲ್ಲಿ ವ್ಯತ್ಯಾಸ ಆಗಿದೆ ಅಂತ ತಳ್ಳಿಹಾಕಬೇಡಿ.

ಈ ವಾರದ ಕೆಲಸ

ಅಲಾರಂ ಕೊಳ್ಳುವ ಮುಂಚೆ ಬಿಡಿಗಾಸೂ ಖರ್ಚಿಲ್ಲದ ಕೆಲಸ ಒಂದಿದೆ. ಇವತ್ತು ಸಂಜೆ ಬೆಂಗಳೂರಿನಲ್ಲಿರುವ ತಮ್ಮ-ತಂಗಿಗೆ ವಿಡಿಯೊ ಕಾಲ್ ಮಾಡಿ, ಬಚ್ಚಲಲ್ಲಿ ಗೀಸರ್ ಎಲ್ಲಿದೆ, ಕಿಟಕಿ ತೆರೆಯುತ್ತಾ ಅಂತ ತೋರಿಸಲು ಹೇಳಿ. ಹಾಗೇ ನಿಮ್ಮ ಶೆಡ್ಡಿನಲ್ಲಿ ಕೆಲಸದವರು ಮಲಗುವ ಕೋಣೆಗೆ ಒಮ್ಮೆ ಹೋಗಿ, ಒಳಗೆ ಒಲೆ ಇದೆಯಾ, ಗಾಳಿಕಿಂಡಿ ಮುಚ್ಚಿದೆಯಾ ನೋಡಿ. ಆಮೇಲೆ ಸೈರನ್ ಇರುವ, ಬ್ಯಾಟರಿಯಲ್ಲಿ ನಡೆಯುವ, ಮಾನದಂಡದ ಗುರುತಿರುವ ಸಿಒ ಅಲಾರಂ ಎರಡು ತನ್ನಿ: ಅಲ್ಲಿಗೊಂದು, ಇಲ್ಲಿಗೊಂದು. ತಂದ ದಿನ ಅದರ ಬೆನ್ನಿಗೆ ಮಾರ್ಕರ್‌ನಲ್ಲಿ ತಾರೀಕು ಬರೆಯಿರಿ. ಪ್ರತಿ ತಿಂಗಳ ಮೊದಲ ಭಾನುವಾರ ಟೆಸ್ಟ್ ಬಟನ್ ಒತ್ತಲು ಫೋನ್‌ನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. ಈ ಲೇಖನವನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೂ ಹಾಕಿ, ಚಳಿ ಶುರುವಾಗುವ ಮುಂಚೆ ನಾಲ್ಕು ಜನ ಓದಲಿ.